ತಪಾಸಣೆಯ ಖರ್ಚು ತೋಟದ ಲೆಕ್ಕದಲ್ಲೇ ಇರಲಿ

ಬೋರ್ಡೋ ಸಿಂಪಡಣೆಯ ಖರ್ಚನ್ನು ಬೆಳೆ ವಿಮೆಯವರು ಕೊಡಬೇಕೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಗೆ ವಿಮಾ ಮೊತ್ತದ ನೂರಕ್ಕೆ 5ರಂತೆ ಕಟ್ಟುತ್ತೇವೆ. ಮಳೆ ಲೆಕ್ಕ ತಪ್ಪಿದರೆ ಅದರಿಂದ ಅಷ್ಟಿಷ್ಟು ಬರುತ್ತದೆ. ಮೈಲುತುತ್ತು, ಸುಣ್ಣ, ಮದ್ದು ಬಿಡುವವರ ಮಜೂರಿ ಮಾತ್ರ ನಮ್ಮ ಕಿಸೆಯದ್ದೇ. ಇವೆರಡೂ ಬೇರೆ ಬೇರೆ ಬಾಬ್ತು ಅಂತ ಎಲ್ಲರಿಗೂ ಗೊತ್ತುಂಟು.

ನಮ್ಮದೇ ದೇಹದ ವಿಷಯ ಬಂದಾಗ ಈ ಲೆಕ್ಕ ಮರೆತುಹೋಗುತ್ತದೆ. "ನನಗೆ ಐದು ಲಕ್ಷದ ಪಾಲಿಸಿ ಉಂಟು, ಪರೀಕ್ಷೆ ಗಿರೀಕ್ಷೆ ಎಲ್ಲ ಅದರಲ್ಲೇ ಆಗ್ತದೆ" ಎನ್ನುವವರು ನನಗೆ ಕಳೆದ ಎರಡು ವರ್ಷದಲ್ಲಿ ಹತ್ತಾರು ಮಂದಿ ಸಿಕ್ಕಿದ್ದಾರೆ. ಆಗುವುದಿಲ್ಲ ಮಾರಾಯ್ರೆ. ಕಾಯಿಲೆ ಬಂದ ಮೇಲೆ ವಿಮೆ. ಬರುವ ಮೊದಲು ಹುಡುಕಿ ನೋಡುವ ಖರ್ಚು ನಮ್ಮದು. ಇದನ್ನು ಒಪ್ಪಿಕೊಂಡು ವರ್ಷದ ತೋಟದ ಲೆಕ್ಕದಲ್ಲಿ ಅದಕ್ಕೊಂದು ಸಾಲು ಬರೆದಿಟ್ಟುಕೊಳ್ಳಬೇಕು. ನಮ್ಮ ಸಹಕಾರಿ ಸಂಘಗಳು ಈ ವಿಷಯದಲ್ಲಿ ಕೈ ಹಾಕಬೇಕು. ನನ್ನ ಹೇಳಿಕೆ ಇಷ್ಟೇ. ಯಾಕೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ.

ಒಬ್ಬನ ಕಾಯಿಲೆ, ಮೂವರಿಗೆ ಪರೀಕ್ಷೆ

ಎರಡು ವರ್ಷದ ಹಿಂದೆ ನನ್ನ ಅಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿಯಿತು. ಆಗ ಅವನಿಗೆ 54 ವರ್ಷ. ಎಂಟು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತಂತೆ. ಮೂಲವ್ಯಾಧಿ ಎಂದುಕೊಂಡು ಸುವರ್ಣಗಡ್ಡೆ, ಮಜ್ಜಿಗೆ, ನಾಟಿ ಮದ್ದು ಅಂತ ದಿನ ಕಳೆದಿದ್ದ. ಆಪರೇಶನ್ ಆಯಿತು, ಕಿಮೋ ಆಯಿತು. ಒಟ್ಟು ಆರು ಲಕ್ಷ ದಾಟಿತು. ಐದು ಲಕ್ಷ ವಿಮೆಯಿಂದ ಬಂತು. ಉಳಿದದ್ದಕ್ಕೆ ಆ ವರ್ಷದ ಕಾಳುಮೆಣಸು ಹೋಯಿತು. ಈಗ ಅಣ್ಣ ತೋಟಕ್ಕೆ ಇಳಿಯುತ್ತಾನೆ, ಆದರೆ ಮೊದಲಿನ ಆಳಲ್ಲ.

ಆಪರೇಶನ್ ಮಾಡಿದ ಡಾಕ್ಟರರು ನಮ್ಮನ್ನು ಕೂರಿಸಿ ಹೇಳಿದ್ದು ಇದು: ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದಿದ್ದರೆ ಉಳಿದವರು 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲನೋಸ್ಕೊಪಿ ಮಾಡಿಸಿಕೊಳ್ಳಬೇಕು. ಏನೂ ಇಲ್ಲ ಎಂದಾದರೂ ಐದು ವರ್ಷಕ್ಕೊಮ್ಮೆ ಪುನಃ ನೋಡಬೇಕು. ನನಗೆ 51, ತಂಗಿಗೆ 48, ತಮ್ಮನಿಗೆ 45. ಅಂದರೆ ಮೂವರ ಬಾಕಿಯೂ ನಿಂತಿದೆ. ಅಣ್ಣನ ಮಕ್ಕಳು ಇನ್ನೂ ಚಿಕ್ಕವರು, ಅವರ ಸರದಿ 40ಕ್ಕೆ.

ಕೊಲನೋಸ್ಕೊಪಿ ಅಂದರೆ ತುದಿಯಲ್ಲಿ ಕ್ಯಾಮರಾ ಇರುವ ಬಳುಕುವ ನಳಿಕೆಯನ್ನು ಗುದದ್ವಾರದ ಮೂಲಕ ಬಿಟ್ಟು ದೊಡ್ಡ ಕರುಳನ್ನು ಪೂರ್ತಿ ನೋಡುವುದು. ಕೇಳುವಾಗ ಹೆದರಿಕೆ. ಮಂಪರಿನ ಮದ್ದು ಕೊಟ್ಟರೆ ಗೊತ್ತೇ ಆಗುವುದಿಲ್ಲ. ಅರ್ಧ ತಾಸಿನ ಕೆಲಸ. ಇದರಲ್ಲೊಂದು ವಿಶೇಷ ಉಂಟು. ಈ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಸಣ್ಣ ಗಂಟಿನಿಂದಲೇ ಶುರುವಾಗುತ್ತದೆ. ಗಂಟು ಕ್ಯಾನ್ಸರ್ ಆಗಿ ತಿರುಗಲು ಸಾಮಾನ್ಯವಾಗಿ ಹಲವು ವರ್ಷ ಬೇಕು. ನೋಡುವಾಗ ಗಂಟು ಕಂಡರೆ ಹೆಚ್ಚಿನ ಸಲ ಆಗಲೇ, ಅದೇ ನಳಿಕೆಯಿಂದ ಅದನ್ನು ಕತ್ತರಿಸಿ ತೆಗೆಯಬಹುದು. ಅಂದರೆ ರೋಗವನ್ನು ಬೇಗ ಹಿಡಿಯುವುದಷ್ಟೇ ಅಲ್ಲ, ರೋಗ ಬಾರದ ಹಾಗೆಯೂ ಮಾಡಬಹುದು.

ವಿಮೆಯ ಕಾಗದ ಏನು ಹೇಳುತ್ತದೆ?

ಪಾಲಿಸಿಯ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ. ಏನೆಲ್ಲ ಕೊಡುವುದಿಲ್ಲ ಎಂಬ ಪಟ್ಟಿ ಅದರಲ್ಲಿರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಈ ಪಟ್ಟಿಗೆ ಎಲ್ಲ ಕಂಪೆನಿಗಳಲ್ಲೂ ಒಂದೇ ಮಾತು, ಒಂದೇ ಸಂಖ್ಯೆ ಇರುವಂತೆ ಮಾಡಿದೆ. ಅದರಲ್ಲಿ 04ನೆಯದ್ದು ನಮಗೆ ಸಂಬಂಧಪಟ್ಟದ್ದು. ಬರೀ ಪರೀಕ್ಷೆ ಮಾಡಿ ನೋಡುವುದಕ್ಕಾಗಿಯೇ ಆಸ್ಪತ್ರೆಗೆ ದಾಖಲಾದರೆ ಆ ಖರ್ಚು ಸಿಗುವುದಿಲ್ಲ ಎಂದು ಅದರ ತಾತ್ಪರ್ಯ. ನೋವಿಲ್ಲ, ರಕ್ತವಿಲ್ಲ, ಮನೆತನದಲ್ಲಿ ಉಂಟು ಅಂತ ನೋಡಿಸಿಕೊಳ್ಳುವುದು ಅಂದರೆ ಇದೇ.

ಕೆಲವು ಪಾಲಿಸಿಗಳಲ್ಲಿ "ವಾರ್ಷಿಕ ಆರೋಗ್ಯ ತಪಾಸಣೆ ಉಚಿತ" ಎಂದಿರುತ್ತದೆ. ಅದು ಒಳ್ಳೆಯದೇ, ಬಿಡಬೇಡಿ. ಆದರೆ ಅದು ಹೆಚ್ಚಾಗಿ ರಕ್ತ, ಮೂತ್ರ, ಇಸಿಜಿಗೆ ಮುಗಿಯುತ್ತದೆ. ಅದಕ್ಕೊಂದು ಮಿತಿಯೂ ಇರುತ್ತದೆ. ಕೊಲನೋಸ್ಕೊಪಿಯಂಥದ್ದು ಅದರಲ್ಲಿ ಸೇರಿದೆಯೇ ಎಂದು ಏಜೆಂಟರ ಬಾಯಲ್ಲಿ ಕೇಳಿದರೆ ಸಾಲದು, ಕಂಪೆನಿಯಿಂದ ಬರಹದಲ್ಲಿ ಕೇಳಿ.

ಇಲ್ಲೊಂದು ಅಡ್ಡದಾರಿಯ ಬಗ್ಗೆ ಎಚ್ಚರಿಸಬೇಕು. ನಾನು ವಿಚಾರಿಸಲು ಹೋದ ಒಂದು ಕಡೆ ಕೌಂಟರಿನಲ್ಲಿದ್ದವರು, "ಒಂದು ರಾತ್ರಿ ಅಡ್ಮಿಟ್ ಆಗಿ, ಎರಡು ವರ್ಷದಿಂದ ಹೊಟ್ಟೆನೋವು ಅಂತ ಬರೆಸುವ, ಕ್ಲೇಮ್ ಆಗ್ತದೆ" ಎಂದರು. ಉಪಕಾರ ಮಾಡುವ ಧಾಟಿಯಲ್ಲೇ ಹೇಳಿದ್ದು. ಬೇಡ ಎಂದು ಬಂದೆ. ಸುಳ್ಳು ಎಂಬುದು ಒಂದು. ಆ "ಎರಡು ವರ್ಷದಿಂದ" ಎಂಬ ಮಾತು ಆಸ್ಪತ್ರೆಯ ದಾಖಲೆಯಲ್ಲಿ ಶಾಶ್ವತವಾಗಿ ಕೂತುಬಿಡುತ್ತದೆ ಎಂಬುದು ಇನ್ನೊಂದು. ನಾಳೆ ನಿಜವಾಗಿ ಕಾಯಿಲೆ ಬಂದಾಗ ಕಂಪೆನಿಯವರು ಅದೇ ಕಾಗದ ಹಿಡಿದು, ಪಾಲಿಸಿ ಮಾಡುವ ಮೊದಲೇ ತೊಂದರೆ ಇತ್ತು, ನೀವು ಮುಚ್ಚಿಟ್ಟಿರಿ ಎನ್ನಬಹುದು. ಹತ್ತು ಸಾವಿರ ಉಳಿಸಲು ಹೋಗಿ ಐದು ಲಕ್ಷ ಕಳೆದುಕೊಳ್ಳುವ ವ್ಯಾಪಾರ ಇದು. ನಮ್ಮ ಊರಿನ ಒಬ್ಬರಿಗೆ ಬೇರೆಯೇ ಕಾಯಿಲೆಯಲ್ಲಿ ಹೀಗಾಗಿದೆ. ಡಾಕ್ಟರರ ಚೀಟಿಯಲ್ಲಿ ಯಾರೋ ಅಂದಾಜಿನಲ್ಲಿ ಬರೆದ "ಐದು ವರ್ಷದಿಂದ" ಎಂಬ ಎರಡು ಶಬ್ದಕ್ಕೆ ಅವರು ಒಂದು ವರ್ಷ ಓಡಾಡಿದರು. ಚೀಟಿ ಬರೆಯುವಾಗಲೇ ಓದಿ ನೋಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ.

ವಿಮೆ ಎಲ್ಲಿ ಕೈಹಿಡಿಯುತ್ತದೆ?

ಹಾಗಂತ ಪಾಲಿಸಿ ನಿಷ್ಪ್ರಯೋಜಕ ಅಂತಲ್ಲ. ಪರೀಕ್ಷೆಯಲ್ಲಿ ಏನಾದರೂ ಸಿಕ್ಕಿತೋ, ಅಲ್ಲಿಂದ ಮುಂದೆ ಅದರ ಕೆಲಸ.

ನಮ್ಮಲ್ಲಿ ಮೊದಲು ಹೋದದ್ದು ತಮ್ಮ. ಅವನಿಗೆ ಎರಡು ಪಾಲಿಪ್ ಸಿಕ್ಕಿತು. ಅಲ್ಲೇ ತೆಗೆದರು, ಬಯಾಪ್ಸಿಗೆ ಕಳಿಸಿದರು. ಒಟ್ಟು ಬಿಲ್ಲು 21,400 ರೂ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂತು. ಆದರೆ ಅದರಲ್ಲಿ ಒಂದು ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯದ್ದು. ಅವನಿಗೆ ಇನ್ನು ಮೂರು ವರ್ಷದಲ್ಲಿ ಪುನಃ ನೋಡಬೇಕೆಂದು ಹೇಳಿದ್ದಾರೆ.

ಬಿಲ್ಲನ್ನು ವಿಮೆಗೆ ಕಳಿಸಿದಾಗ, ಇದು ಪರೀಕ್ಷೆಗಾಗಿ ಮಾಡಿದ್ದು ಎಂದು ಪೂರ್ತಿ ತಿರಸ್ಕಾರ ಮಾಡಿದರು. ತಮ್ಮ ಸುಮ್ಮನಾಗಲಿಲ್ಲ. ಗಂಟು ತೆಗೆದದ್ದು ಚಿಕಿತ್ಸೆ, ಅದಕ್ಕೆ 24 ತಾಸಿನ ದಾಖಲಾತಿ ಬೇಕಿಲ್ಲ, ಅದು ಡೇ-ಕೇರ್ ಚಿಕಿತ್ಸೆ ಎಂದು ಡಾಕ್ಟರರಿಂದ ಒಂದು ಪತ್ರ ತೆಗೆದುಕೊಂಡು, ಬಯಾಪ್ಸಿ ವರದಿ ಲಗತ್ತಿಸಿ ಪುನಃ ಕಳಿಸಿದ. 17,900 ರೂ. ಬಂತು. ಒಂದು ಪುಟದ ಪತ್ರದ ಕೆಲಸ ಅದು. ಕಂಪೆನಿ ಒಪ್ಪದಿದ್ದರೆ, ಅಥವಾ ತಿಂಗಳೊಳಗೆ ಉತ್ತರವೇ ಕೊಡದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಇಲ್ಲಿ ಗಮನಿಸಬೇಕಾದ ಮೂರು ವಿಚಾರಗಳು ಉಂಟು.

ಒಂದು, ತಮ್ಮನ ಪಾಲಿಸಿಗೆ ಆರು ವರ್ಷ ಆಗಿತ್ತು. ಹೊಸ ಪಾಲಿಸಿಯಾದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಿಗುವುದಿಲ್ಲ. ಮೂಲವ್ಯಾಧಿ, ಹರ್ನಿಯಾ, ಕಣ್ಣಿನ ಪೊರೆ, ಕ್ಯಾನ್ಸರ್ ಅಲ್ಲದ ಗಂಟು, ಪಾಲಿಪ್ ಇಂಥವುಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ನಾಲ್ಕು ವರ್ಷದವರೆಗೆ ಇರುತ್ತಿತ್ತು. 2024ರ ಎಪ್ರಿಲ್‌ನಿಂದ ಅದನ್ನು ಹೆಚ್ಚೆಂದರೆ ಮೂರು ವರ್ಷ ಎಂದು ಮಾಡಿದ್ದಾರೆ. ಹಾಗಾಗಿ ಪಾಲಿಸಿ ಇಲ್ಲದವರು ಗಟ್ಟಿಮುಟ್ಟಾಗಿ ಇರುವಾಗಲೇ ಮಾಡಿಸಿ. ಅರ್ಜಿಯಲ್ಲಿ ಮನೆತನದ ಕಾಯಿಲೆ ಕೇಳಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಎರಡು, ಪರೀಕ್ಷೆಯ ಬಿಲ್ಲು, ಚೀಟಿ, ವರದಿ ಯಾವುದನ್ನೂ ಬಿಸಾಡಬೇಡಿ. ಪರೀಕ್ಷೆಯಲ್ಲಿ ಕಾಯಿಲೆ ಸಿಕ್ಕಿ ಮುಂದಿನ ತಿಂಗಳು ಆಪರೇಶನ್ ಆಯಿತು ಎಂದಿಟ್ಟುಕೊಳ್ಳಿ. ದಾಖಲಾಗುವ ಮೊದಲಿನ 30 ದಿನದ, ಕೆಲವು ಪಾಲಿಸಿಗಳಲ್ಲಿ 60 ದಿನದ, ಅದೇ ಕಾಯಿಲೆಯ ಖರ್ಚು ಕ್ಲೇಮಿಗೆ ಸೇರುತ್ತದೆ. ಕಿಸೆಯಿಂದ ಕೊಟ್ಟ ಹಣ ಆಗ ಹಿಂದೆ ಬರಬಹುದು. ಆದರೆ ಅಸಲು ಬಿಲ್ಲು ಬೇಕು.

ಮೂರು, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಹೋಗುವ ರೀತಿಯಲ್ಲಿ ಬದಲಾವಣೆ, ರಕ್ತಹೀನತೆ ಇದ್ದವರು ಈ ಲೇಖನದ ಲೆಕ್ಕಾಚಾರಕ್ಕೆ ಕಾಯಬಾರದು. ಅದು ತಪಾಸಣೆಯಲ್ಲ, ರೋಗಪತ್ತೆ. ಅಡಿಕೆ ಮಾರಿದ ಮೇಲೆ ನೋಡುವ ಅಂತ ಮುಂದೆ ಹಾಕುವ ಸಂಗತಿಯೇ ಅಲ್ಲ.

ಸರಕಾರಿ ಯೋಜನೆಗಳಲ್ಲಿ ಏನುಂಟು?

ಯಶಸ್ವಿನಿ ನಮ್ಮ ಸಹಕಾರಿಗಳದ್ದೇ ಯೋಜನೆ. 2003ರಲ್ಲಿ ಶುರುವಾದಾಗ ಒಬ್ಬರಿಗೆ ತಿಂಗಳಿಗೆ ಐದೇ ರೂಪಾಯಿ. 2018ರಲ್ಲಿ ಅದು ನಿಂತುಹೋಯಿತು. 2022-23ರಲ್ಲಿ ಪುನಃ ಆರಂಭಿಸಿದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 500 ರೂ., ಚಿಕಿತ್ಸೆಗೆ 5 ಲಕ್ಷದ ಮಿತಿ ಎಂದಾಯಿತು. ಇದಕ್ಕಿಂತ ಅಗ್ಗದ್ದು ಎಲ್ಲಿಯೂ ಸಿಗದು. ಆದರೆ ಅದು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಅದರ ಜಾಲದಲ್ಲಿರುವ ಆಸ್ಪತ್ರೆಗಳಲ್ಲಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ನಿಗದಿತ ದರದ ನೂರಕ್ಕೆ 30ರಂತೆ, ಒಂದೂವರೆ ಲಕ್ಷದ ಮಿತಿಯಲ್ಲಿ. ಅದೂ ಚಿಕಿತ್ಸೆಗೇ. ಎರಡನ್ನೂ ಮಾಡಿಸಿಟ್ಟುಕೊಳ್ಳಬೇಕು, ಎರಡರಿಂದಲೂ ತಪಾಸಣೆಯ ಹಣ ನಿರೀಕ್ಷಿಸಬಾರದು.

ಖರ್ಚಿಲ್ಲದ ತಪಾಸಣೆಯೂ ಉಂಟು, ನಾವು ಬಳಸಿಕೊಳ್ಳುತ್ತಿಲ್ಲ ಅಷ್ಟೆ. ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತ. ಎಲೆಯಡಿಕೆ ಹಾಕುವವರಿಗೆ, ಅದರಲ್ಲೂ ಹೊಗೆಸೊಪ್ಪು ಸೇರಿಸುವವರಿಗೆ, ಒಂದು ಮಾತು. ಅಡಿಕೆಯ ಮೇಲಿನ ವಾದ ವಿವಾದ ಏನೇ ಇರಲಿ, ಬಾಯಿ ನಮ್ಮದು. ಟಾರ್ಚು ಹಿಡಿದು ಬಾಯಿ ನೋಡಲು ಐದು ನಿಮಿಷ ಸಾಕು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1996ರಲ್ಲಿ ಶುರುಮಾಡಿ ಹಳ್ಳಿಗಳಲ್ಲಿ ಇದನ್ನೇ ಮಾಡಿದರು. 2005ರಲ್ಲಿ ಪ್ರಕಟವಾದ ಲೆಕ್ಕದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಯಂತ್ರ ಬೇಡ, ವಿಮೆ ಬೇಡ, ಬಾಯಿ ಕಳೆದರೆ ಆಯಿತು.

ದೊಡ್ಡ ಕರುಳಿಗೆ ಇಂಥ ಸರಕಾರಿ ತಪಾಸಣೆ ಇಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಷ್ಟು ಇಲ್ಲದ್ದು ಅದಕ್ಕೆ ಒಂದು ಕಾರಣ. ಹಾಗಾಗಿ ಎಲ್ಲರೂ ಓಡಿಹೋಗಿ ಕೊಲನೋಸ್ಕೊಪಿ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಮನೆತನದಲ್ಲಿ ಇದ್ದವರು ಬಿಡಬಾರದು. ಉಳಿದವರು 45-50 ದಾಟಿದ ಮೇಲೆ ಡಾಕ್ಟರರಲ್ಲಿ ಕೇಳಿ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಅಗ್ಗದ ಪರೀಕ್ಷೆಯೂ ಉಂಟು. ಅದನ್ನು ವರ್ಷಕ್ಕೊಮ್ಮೆ ಮಾಡಬೇಕು, ಅದರಲ್ಲಿ ರಕ್ತ ಕಂಡರೆ ಮಾತ್ರ ನಳಿಕೆಯ ಪರೀಕ್ಷೆ.

ಈಗ ಲೆಕ್ಕ

ನಾನು ಮೂರು ಕಡೆ ದರ ಕೇಳಿದೆ. 7,500, 9,800, 13,000 ರೂ. ಎಂದರು. ಮೊದಲನೆಯದ್ದೇ ಅಗ್ಗ ಅಂತ ಕಾಣುತ್ತದಲ್ಲ? ಅದರಲ್ಲಿ ಏನೇನು ಸೇರಿದೆ ಎಂದು ಒಂದೊಂದೇ ಕೇಳಿದೆ. ಮಂಪರು ಮದ್ದಿನ ಡಾಕ್ಟರರ ಫೀಸು ಬೇರೆ, ಮದ್ದು ಬೇರೆ, ನಾಲ್ಕು ತಾಸು ಮಲಗುವ ಹಾಸಿಗೆ ಬೇರೆ. ಕೂಡಿಸಿದರೆ 11,200 ಆಯಿತು. 9,800 ಎಂದವರು ಬಯಾಪ್ಸಿ ಒಂದು ಬಿಟ್ಟು ಎಲ್ಲವನ್ನೂ ಸೇರಿಸಿ ಹೇಳಿದ್ದರು. ಅಲ್ಲಿಗೇ ಹೋದೆ. ಗೊಬ್ಬರ ಕೊಳ್ಳುವಾಗ ಮೂಟೆಯ ಕ್ರಯ ಮಾತ್ರ ಕೇಳದೆ ಲಾರಿ ಬಾಡಿಗೆ, ಇಳಿಸುವ ಕೂಲಿ ಸೇರಿಸಿ ಕೇಳುತ್ತೇವೆ. ಆಸ್ಪತ್ರೆಯಲ್ಲಿ ಹಾಗೆ ಕೇಳಲು ಯಾಕೋ ಸಂಕೋಚ. ಕೇಳಿ, ಬರೆಸಿಕೊಳ್ಳಿ. "ಗಂಟು ಸಿಕ್ಕಿದರೆ ತೆಗೆಯಲು ಎಷ್ಟು? ಬಯಾಪ್ಸಿಗೆ ಎಷ್ಟು?" ಈ ಎರಡು ಪ್ರಶ್ನೆ ಮರೆಯಬೇಡಿ.

ನನ್ನ ಖರ್ಚಿನ ಪಟ್ಟಿ ಹೀಗುಂಟು: ಪರೀಕ್ಷೆ 9,800. ಡಾಕ್ಟರರ ಫೀಸು 600. ಮೊದಲು ಮಾಡುವ ರಕ್ತ ಪರೀಕ್ಷೆ, ಇಸಿಜಿ 1,150. ಹೊಟ್ಟೆ ತೊಳೆಯುವ ಪುಡಿ 550. ಬಾಡಿಗೆ ಕಾರು 2,400. ಜತೆಗೆ ಬಂದವರ ಊಟ ತಿಂಡಿ 350. ಎರಡು ದಿನ ಹಾಲು ಕರೆಯಲು, ತೋಟದ ಕೆಲಸಕ್ಕೆ ಬದಲಿ ಆಳು 2,000. ಒಟ್ಟು 16,850 ರೂ.

ಬದಲಿ ಆಳನ್ನು ಯಾಕೆ ಸೇರಿಸಿದ್ದೆಂದು ಕೇಳಬಹುದು. ಮುನ್ನಾ ದಿನ ಗಂಜಿತಿಳಿ, ಎಳನೀರು ಬಿಟ್ಟರೆ ಊಟವಿಲ್ಲ. ಸಂಜೆಯಿಂದ ಆ ಪುಡಿಯ ನೀರು ಲೀಟರುಗಟ್ಟಲೆ ಕುಡಿದು ಪಾಯಖಾನೆ ಬಿಟ್ಟು ಏಳುವ ಹಾಗಿಲ್ಲ. ಮರುದಿನ ಮಂಪರು ಮದ್ದು ಕೊಟ್ಟ ಕಾರಣ ವಾಹನ ಓಡಿಸಬಾರದು, ಜತೆಗೊಬ್ಬರು ಬೇಕೇ ಬೇಕು. ಇದು ಆಸ್ಪತ್ರೆಯ ಬಿಲ್ಲಿನಲ್ಲಿ ಬಾರದ ಖರ್ಚು, ಕೃಷಿಕನಿಗೆ ಮಾತ್ರ ಕಾಣುವಂಥದ್ದು. (ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮದ್ದು ತೆಗೆದುಕೊಳ್ಳುವವರು ಅದನ್ನು ಯಾವಾಗ ನಿಲ್ಲಿಸಬೇಕೆಂದು ಡಾಕ್ಟರರಲ್ಲಿ ವಾರ ಮೊದಲೇ ಕೇಳಬೇಕು.)

ನನ್ನ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಇನ್ನು ಐದು ವರ್ಷಕ್ಕೆ ಚಿಂತೆಯಿಲ್ಲ. 16,850ನ್ನು ಐದರಿಂದ ಭಾಗಿಸಿ. ವರ್ಷಕ್ಕೆ 3,370. ತಿಂಗಳಿಗೆ 280 ರೂ. ಚಿಲ್ಲರೆ. ಚಾಲಿಗೆ ಕಿಲೋಗೆ 450 ರೂ. ಎಂದು ಹಿಡಿದರೆ ವರ್ಷಕ್ಕೆ ಏಳೂವರೆ ಕಿಲೋ ಅಡಿಕೆ. ಗಂಟು ಸಿಕ್ಕೀತು ಅಂತ ಇನ್ನೊಂದು ಹತ್ತು ಸಾವಿರ ಮೀಸಲಿಟ್ಟರೂ ವರ್ಷಕ್ಕೆ ಐದೂವರೆ ಸಾವಿರದೊಳಗೆ ಮುಗಿಯುತ್ತದೆ. ಅಣ್ಣನ ಆರು ಲಕ್ಷದ ಪಕ್ಕದಲ್ಲಿಟ್ಟು ನೋಡಿ.

ಈ ಹಣ ಎಲ್ಲಿಂದ? ದಾರಿ ಒಂದು ಹೇಳುತ್ತೇನೆ. ಸ್ವಂತ ಆರೋಗ್ಯ ಪಾಲಿಸಿಯ ಪ್ರೀಮಿಯಂ ಮೇಲೆ ನೂರಕ್ಕೆ 18ರಂತೆ ಇದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ. 30,000 ರೂ. ಪ್ರೀಮಿಯಂ ಕಟ್ಟುವವರಿಗೆ ಮೊದಲು 5,400 ರೂ. ತೆರಿಗೆ ಬೀಳುತ್ತಿತ್ತು. ಅದನ್ನು ಇಲ್ಲ ಎಂದು ತಿಳಿದು ಸೊಸೈಟಿಯಲ್ಲಿ ಬೇರೆಯೇ ಒಂದು ಆರ್‌ಡಿ ಮಾಡಿ. ಆದಾಯ ತೆರಿಗೆಯಲ್ಲಿ ಮುಂಜಾಗ್ರತಾ ತಪಾಸಣೆಗೆ 5,000 ರೂ.ವರೆಗೆ ವಿನಾಯಿತಿ ಇದ್ದರೂ ಅದು ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ. ಕೃಷಿ ಆದಾಯ ಮಾತ್ರ ಇರುವ ನಮಗೆ ಅದರಿಂದ ಲಾಭವಿಲ್ಲ. ಮನೆಯಲ್ಲಿ ಸಂಬಳದವರಿದ್ದರೆ ವಿಚಾರಿಸಿ.

ಸಮಯ ಯಾವುದು? ನನ್ನ ಅಭಿಪ್ರಾಯದಲ್ಲಿ ಆಟಿ ತಿಂಗಳು. ಕೊಯ್ಲಿಲ್ಲ, ನೀರು ಹಾಯಿಸುವುದಿಲ್ಲ, ಎರಡು ಮದ್ದಿನ ನಡುವೆ ಬಿಡುವು ಉಂಟು. ಆಟಿ ಅಮಾವಾಸ್ಯೆಗೆ ಬೆಳಗಾಗುವ ಮೊದಲು ಹಾಲೆಮರದ ಕೆತ್ತೆ ತಂದು ಕಷಾಯ ಕುಡಿಯುವ ಊರು ನಮ್ಮದು. ಕಾಯಿಲೆ ಬಂದ ಮೇಲಲ್ಲ, ಬಾರದಿರಲಿ ಅಂತ ಕುಡಿಯುವುದು. ಆ ಬುದ್ಧಿ ನಮಗೆ ಹೊಸತಲ್ಲ. ಹಣವನ್ನು ಮಾತ್ರ ಅಡಿಕೆ ಮಾರಿದ ದಿನವೇ ತೆಗೆದಿಡಬೇಕು. ಆಟಿಯಲ್ಲಿ ಹುಡುಕಿದರೆ ಕಿಸೆಯಲ್ಲಿ ಏನೂ ಇರುವುದಿಲ್ಲ.

ಮನೆಯ ಹೆಂಗಸರ ಸರದಿ ಯಾವಾಗ?

ನಮ್ಮ ಮೂವರಲ್ಲಿ ಬಾಕಿ ಉಳಿದದ್ದು ತಂಗಿ. "ನೋವಿಲ್ಲ, ರಕ್ತ ಇಲ್ಲ, ಸುಮ್ಮನೆ ಹದಿನೈದು ಸಾವಿರ ಎಂತಕ್ಕೆ ಅಣ್ಣ? ಆ ದುಡ್ಡಿಗೆ ಮಗನ ಫೀಸು ಕಟ್ಟಬಹುದು" ಅಂದಳು. ಭಾವನವರು ಬೇಡ ಎಂದವರಲ್ಲ, ಅವಳೇ ಮುಂದೆ ಹಾಕುತ್ತಾ ಬಂದದ್ದು. ಮನೆಯಲ್ಲಿ ಹಣ ಕಡಿಮೆ ಬಿದ್ದಾಗ ಮೊದಲು ಬಿಟ್ಟುಬಿಡುವುದು ಹೆಂಗಸರ ತಪಾಸಣೆಯನ್ನು. ತಪಾಸಣೆಯ ಹಣ ಮನೆಯ ಒಟ್ಟು ಹಣದಲ್ಲಿ ಬೆರೆತಿದ್ದರೆ ಹೀಗೇ ಆಗುವುದು. ಅವರವರ ಹೆಸರಿನಲ್ಲೇ ಬೇರೆ ಇಟ್ಟರೆ ತೆಗೆದು ಬೇರೆಯದಕ್ಕೆ ಕೊಡಲು ಮನಸ್ಸು ಬಾರದು. ಕಳೆದ ತಿಂಗಳು ನಾವು ಅಣ್ಣತಮ್ಮಂದಿರು ಸೇರಿ ಸೊಸೈಟಿಯಲ್ಲಿ ಅವಳ ಹೆಸರಿಗೆ ಹಣ ಇಟ್ಟಿದ್ದೇವೆ. ಬರುವ ಆಟಿಗೆ ದಿನವೂ ಗೊತ್ತಾಗಿದೆ.

ಸಂಘಗಳು ಮನಸ್ಸು ಮಾಡಲಿ

ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನಿನ ಪ್ರಕಾರ ಹೆಚ್ಚಿನ ವಿಮಾ ಕಂಪೆನಿಗಳು ಇಂಥ ತಪಾಸಣೆಯ ಖರ್ಚನ್ನು ಪೂರ್ತಿ ತಾವೇ ಕೊಡಬೇಕು. ಮೊದಲು 50 ವರ್ಷದಿಂದ ಎಂದಿದ್ದದ್ದನ್ನು 2021ರಲ್ಲಿ ಅಲ್ಲಿಯ ತಜ್ಞರ ಮಂಡಳಿ 45ಕ್ಕೆ ಇಳಿಸಿತು. ನಮ್ಮ ಊರಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಆ ಸೌಲಭ್ಯ ಪಡೆಯುತ್ತಾರೆ. ಅವರನ್ನು ಸಾಕಿದ ಅಪ್ಪ ಅಮ್ಮನಿಗೆ ಇಲ್ಲಿ ಅದಿಲ್ಲ. ನಮ್ಮಲ್ಲಿಯೂ ಕಾನೂನು ಬರಲಿ ಎಂದು ಕೇಳಬೇಕಾದದ್ದೇ. ಆದರೆ ಅದು ಬರುವವರೆಗೆ ಕಾಯಲು ಕರುಳಿನ ಗಂಟು ಒಪ್ಪುವುದಿಲ್ಲ.

ನಮ್ಮ ಕೈಯಲ್ಲಿರುವುದು ಸೊಸೈಟಿ. ಯಶಸ್ವಿನಿಯ ಮೊದಲ ವರ್ಷಗಳಲ್ಲಿ ಜಾಲದ ಆಸ್ಪತ್ರೆಗಳಲ್ಲಿ ಹೊರರೋಗಿಗಳಿಗೆ ಡಾಕ್ಟರರ ಫೀಸಿಲ್ಲ, ಪರೀಕ್ಷೆಗಳಿಗೆ ರಿಯಾಯಿತಿ ಎಂಬ ಏರ್ಪಾಡು ಇತ್ತು. ಸಾವಿರಾರು ಸದಸ್ಯರ ಪರವಾಗಿ ಮಾತಾಡಿದರೆ ದರ ಇಳಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಬ್ಬೊಬ್ಬರೇ ಹೋಗಿ ಮೂರು ಕೌಂಟರಿನಲ್ಲಿ ದರ ಕೇಳುವ ಬದಲು, ತಾಲೂಕಿನ ನಾಲ್ಕು ಸಂಘ ಸೇರಿ ಒಂದು ಆಸ್ಪತ್ರೆಯೊಂದಿಗೆ, ಆಟಿ ತಿಂಗಳಲ್ಲಿ ಇಷ್ಟು ಮಂದಿ ಬರುತ್ತಾರೆ, ಎಲ್ಲ ಸೇರಿ ಒಂದೇ ದರ ಹೇಳಿ ಎಂದು ಮಾತಾಡಬಾರದೇ? ಬೆಳೆಸಾಲದ ಹಾಗೆ ಬಡ್ಡಿಯಿಲ್ಲದೆ ಹದಿನೈದು ಸಾವಿರ ಕೊಟ್ಟು ಅಡಿಕೆ ಮಾರಿದಾಗ ಹಿಂದೆ ಪಡೆಯಬಾರದೇ? ಲಾಭಾಂಶದಲ್ಲಿ ಒಂದಿಷ್ಟನ್ನು ತಪಾಸಣೆ ನಿಧಿ ಎಂದು ಎತ್ತಿಡಲು ಮಹಾಸಭೆ ಒಪ್ಪದೇ? ಮೈಲುತುತ್ತನ್ನು ಒಟ್ಟಿಗೆ ತರಿಸಿ ಹಂಚುವ ಸಂಘಕ್ಕೆ ಇದೇನು ಕಷ್ಟದ ಕೆಲಸವಲ್ಲ.

ಸೊಸೈಟಿಗಳ ಮಹಾಸಭೆ ಸೆಪ್ಟೆಂಬರಿನೊಳಗೆ ಆಗಬೇಕು. ನನ್ನ ಸಂಘಕ್ಕೆ ನಾನು ಅರ್ಜಿ ಕೊಟ್ಟಾಗಿದೆ. ನೀವೂ ಒಂದು ಕಾಗದ ಕೊಡಿ. ಅಧ್ಯಕ್ಷರು ಮೊದಲು ನಗಬಹುದು, "ಇದು ಸೊಸೈಟಿಯ ಕೆಲಸವಾ?" ಎನ್ನಬಹುದು. ಸಾಲ ತೀರಿಸಬೇಕಾದ ಸದಸ್ಯ ಆಸ್ಪತ್ರೆಯಲ್ಲಿ ಮಲಗಿದರೆ ಅದು ಸೊಸೈಟಿಯ ಕೆಲಸವೇ ಆಗುತ್ತದೆ ಎಂದು ಹೇಳಿ.